ಮಗುವಿನ ಕಣ್ಣ ಪೊರೆಯೂ ಲೇಸರ್ ಕಿರಣವೂ

ಕಣ್ಣಿನ ಪೊರೆ ಎಂದೊಡನೆ ನಮ್ಮವರಲ್ಲಿ ಬಹು ಮಂದಿಗೆ ನೆನಪಾಗುವವರು ಊರಿನ ಅಜ್ಜ ಅಜ್ಜಿಯರು. ಶಾಲೆಯ ಕೋಣೆಯಲ್ಲಿ ಚಾಪೆಯ ಮೇಲೆ ಸಾಲಾಗಿ ಮಲಗಿದ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು. ಅವರ ಜೊತೆಗೇ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ಕಾಲವಾದ ಆ ಮಹನೀಯರು ಊರೂರು ತಿರುಗಿ, ಬಡವರಿಂದ ಕಾಸು ಕೇಳದೆ ಪೊರೆ ತೆಗೆದವರು. ಅವರ ಶಿಬಿರಗಳನ್ನು ಕಣ್ಣಾರೆ ಕಂಡವರು ನಮ್ಮ ಹಿರಿಯರಲ್ಲಿ ಅನೇಕರುಂಟು. ನಮ್ಮ ಓರಗೆಯವರಿಗೆ ಅದು ಕೇಳಿದ ಕಥೆ.

ಆ ಕಾಲದ ಇನ್ನೊಂದು ಮಾತೂ ಕಥೆಯ ಜೊತೆಗೆ ಉಳಿದುಬಂದಿದೆ. “ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ತೆಗೆಸೋಣ” ಎಂಬುದೇ ಆ ಮಾತು. ಆಗಿನ ಶಸ್ತ್ರಕ್ರಿಯೆಯ ರೀತಿಗೆ ಅದಕ್ಕೆ ಅರ್ಥವಿದ್ದಿತು. ಈಗ ಮುದುಕರ ವಿಷಯದಲ್ಲಿಯೂ ಡಾಕ್ಟರುಗಳು ಹಾಗೆ ಕಾಯಿಸುವುದಿಲ್ಲ. ಇನ್ನು ಎಳೆಗೂಸಿನ ವಿಷಯದಲ್ಲಿ ಈ ಮಾತನ್ನಾಡಿದರೆ ಆಗುವ ನಷ್ಟವನ್ನು ಯಾವ ಯಂತ್ರವೂ ಪೂರ್ತಿಯಾಗಿ ತುಂಬಿಕೊಡಲಾರದು. ಹೌದು, ಕೂಸಿಗೂ ಪೊರೆ ಬರುತ್ತದೆ. ಕೆಲವು ಮಕ್ಕಳು ಪೊರೆಯೊಡನೆಯೇ ಹುಟ್ಟುತ್ತವೆ.

ಈಚೆಗೆ ಸಂಘದಲ್ಲಿ ನಾಲ್ಕು ಮಂದಿ ಕುಳಿತು ಕಾಫಿ ಕುಡಿಯುತ್ತಿದ್ದಾಗ ಈ ಮಾತು ಬಂದಿತು. ಮಕ್ಕಳ ಪೊರೆಯನ್ನು ಈಗ ಲೇಸರ್ ಕಿರಣದಿಂದ ತೆಗೆಯುತ್ತಾರಂತೆ, ಚಾಕು ಮುಟ್ಟಿಸುವುದೇ ಇಲ್ಲವಂತೆ ಎಂದರು ಒಬ್ಬರು. “ಹಾಗಾದರೆ ಅಂಥ ಯಂತ್ರ ಸಿಕ್ಕುವ ತನಕ ಕಾಯುವುದೇ ಮೇಲಲ್ಲವೇ?” ಎಂದರು ಇನ್ನೊಬ್ಬರು. ನಾವು ವೈದ್ಯರಲ್ಲ, ಕಡತ ಹಿಡಿದು ಬದುಕುವ ಗುಮಾಸ್ತರು. ಆದರೂ ಆ ಎರಡನೆಯ ಪ್ರಶ್ನೆ ಮನಸ್ಸಿಗೆ ಚುಚ್ಚಿದ್ದರಿಂದ ತಿಳಿದವರನ್ನು ಕೇಳಿ, ಓದಬೇಕಾದ್ದನ್ನು ಓದಿ, ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಪೊರೆ ಎಂಬ ಹೆಸರೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಒಂದು ತೆಳುವಾದ ಹಾಳೆ ಬೆಳೆದಿರುತ್ತದೆ, ಅದನ್ನು ಸುಲಿದುಬಿಟ್ಟರೆ ಆಯಿತು ಎಂದು ತೋರುತ್ತದೆ. (ಅದೇ ಪದಕ್ಕೆ ಕಾಪಾಡು ಎಂಬ ಅರ್ಥವೂ ಇರುವುದು ನಮ್ಮ ಭಾಷೆಯ ವಿನೋದ.) ನಿಜದಲ್ಲಿ ಅಲ್ಲಿ ಹೊಸದಾಗಿ ಬೆಳೆದದ್ದು ಏನೂ ಇಲ್ಲ. ಪಾಪೆಯ ಹಿಂದೆ, ಕಣ್ಣಿನ ಒಳಗೆ, ಬೆಳಕನ್ನು ಕೂಡಿಸುವ ಒಂದು ಸ್ವಚ್ಛವಾದ ಮಸೂರ ಉಂಟು. ಅದು ಒಂದು ತೆಳುಚೀಲದೊಳಗೆ ಕುಳಿತಿರುತ್ತದೆ. ಆ ಮಸೂರವೇ ಮಬ್ಬಾಗುವುದು ಪೊರೆ. ಆದ್ದರಿಂದ ಹರಳೆಣ್ಣೆ, ಎದೆಹಾಲು, ಜೇನುತುಪ್ಪ ಇವುಗಳನ್ನು ಕಣ್ಣಿಗೆ ಬಿಟ್ಟು ಪೊರೆ ಕರಗಿಸುತ್ತೇವೆನ್ನುವುದು, ಗಾಜಿನ ಕಿಟಕಿಯ ಹೊರಗೆ ನಿಂತು ಒಳಗಿನ ಗೋಡೆಗೆ ಸುಣ್ಣ ಬಳಿಯುತ್ತೇನೆಂದ ಹಾಗೆ. ಪೊರೆ ಕರಗುವುದಿಲ್ಲ, ಕಣ್ಣಿಗೆ ಸೋಂಕು ತಗಲುವ ಭಯ ಮಾತ್ರ ಉಂಟು.

ಎಳೆಯರಿಗೆ ಇದು ಏಕೆ ಬರುತ್ತದೆ? ಕೆಲವು ಮನೆತನಗಳಲ್ಲಿ ವಂಶದಿಂದ ಇಳಿದು ಬರುತ್ತದೆ. ಕೆಲವು ಮಕ್ಕಳಿಗೆ ಹಾಲಿನ ಸಕ್ಕರೆಯ ಅಂಶವನ್ನು ಅರಗಿಸಿಕೊಳ್ಳಲಾರದ ದೇಹದೋಷದಿಂದ ಬರುತ್ತದೆ. ಸ್ಟೀರಾಯ್ಡ್ ಔಷಧಗಳನ್ನು ಬಹುಕಾಲ ಬಳಸಿದರೂ ಬರಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಪೆಟ್ಟು ಬಿದ್ದು ಬರುವುದು ಬಹಳ. ಕಡ್ಡಿಯ ಬಾಣ, ಕಂಪಾಸಿನ ಮೊನೆ, ದೀಪಾವಳಿಯ ಪಟಾಕಿ. ಎಷ್ಟೋ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ. ಆದರೆ ಒಂದು ಕಾರಣದ ಕಥೆಯನ್ನು ಇಲ್ಲಿ ಹೇಳಲೇಬೇಕು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ಡಾಕ್ಟರಿದ್ದರು. 1941ರಲ್ಲಿ ಅವರ ಬಳಿಗೆ ಹುಟ್ಟು ಪೊರೆಯ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಹೊರಗೆ ಕಾದು ಕುಳಿತಿದ್ದ ತಾಯಂದಿರು ತಮ್ಮ ತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತು ಅವರ ಕಿವಿಗೆ ಬಿದ್ದಿತೆಂದು ಹೇಳುತ್ತಾರೆ: ಬಸುರಿನ ಮೊದಲ ತಿಂಗಳುಗಳಲ್ಲಿ ತಮಗೆ ರುಬೆಲ್ಲಾ, ಎಂದರೆ ಜರ್ಮನ್ ದಡಾರ, ಬಂದಿದ್ದಿತೆಂದು. ಹಿಂದಿನ ವರ್ಷ ಅಲ್ಲಿ ಆ ಜಾಡ್ಯ ಹರಡಿತ್ತು. ಗ್ರೆಗ್ ಅಂಥ 78 ಮಕ್ಕಳ ವಿವರ ಕೂಡಿಸಿ ಅದೇ ವರ್ಷ ವೈದ್ಯರ ಸಭೆಯ ಮುಂದಿಟ್ಟರು. ತಾಯಿಗೆ ಬಂದುಹೋದ, ಎರಡು ದಿನದ ಗಂಧೆಯಷ್ಟು ಹಗುರವಾದ ಜ್ವರ, ಹೊಟ್ಟೆಯೊಳಗಿನ ಶಿಶುವಿನ ಕಣ್ಣನ್ನೂ ಕಿವಿಯನ್ನೂ ಹೃದಯವನ್ನೂ ಕೆಡಿಸಬಲ್ಲದೆಂಬುದು ಜಗತ್ತಿಗೆ ತಿಳಿದದ್ದು ಹೀಗೆ. ಕಾಯುವ ಬೆಂಚಿನ ಮೇಲಿನ ಹೆಂಗಸರ ಮಾತನ್ನು ಹರಟೆ ಎಂದು ತಳ್ಳಿಬಿಡದ ಡಾಕ್ಟರನ್ನು ನಾವು ಮೆಚ್ಚಬೇಕು.

ಈ ಜಾಡ್ಯಕ್ಕೆ ಲಸಿಕೆ ಉಂಟು. ನಮ್ಮ ದೇಶದಲ್ಲಿ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿಸಿ ಹಾಕುವ ಲಸಿಕೆಯ ದೊಡ್ಡ ಆಂದೋಲನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಆರಂಭವಾಯಿತು. ಕರ್ನಾಟಕವೂ ತಮಿಳುನಾಡೂ ಮೊದಲ ಸಾಲಿನಲ್ಲಿದ್ದವು. ಈಗ ಅದು ಮಕ್ಕಳಿಗೆ ಒಂಬತ್ತನೆಯ ತಿಂಗಳು ತುಂಬಿದ ಮೇಲೊಮ್ಮೆ, ಎರಡನೆಯ ವರ್ಷದಲ್ಲೊಮ್ಮೆ ಬೀಳುತ್ತದೆ. ಮದುವೆಯಾಗಲಿರುವ ಹೆಣ್ಣುಮಕ್ಕಳಿಗೆ ಈ ಲಸಿಕೆ ಬಿದ್ದಿದೆಯೇ ಎಂದು ಮನೆಯವರು ಡಾಕ್ಟರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಬಸುರಿಯಾದ ಮೇಲೆ ಅದನ್ನು ಹಾಕುವಂತಿಲ್ಲ.

ಇನ್ನು ಅವಸರದ ವಿಷಯ. ಮುದುಕರ ಪೊರೆಯನ್ನು ಆರು ತಿಂಗಳು ತಡೆದು ತೆಗೆಸಿದರೂ ನೋಟ ಸಾಮಾನ್ಯವಾಗಿ ಮರಳುತ್ತದೆ. ಏಕೆಂದರೆ ಅವರ ಮಿದುಳು ನೋಡುವುದನ್ನು ಎಂದೋ ಕಲಿತಿದೆ. ಕೂಸಿನ ಮಿದುಳು ಈಗ ಕಲಿಯಬೇಕು. ಕಣ್ಣು ಕಳಿಸಿದ ಚಿತ್ರವನ್ನು ಓದುವ ವಿದ್ಯೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಆರಂಭವಾಗುತ್ತದೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಎಂಬಿಬ್ಬರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ಕಾಲ ಮುಚ್ಚಿಟ್ಟು ನೋಡಿದರು. ತೆರೆದ ಮೇಲೆ ಕಣ್ಣು ನೆಟ್ಟಗೇ ಇದ್ದಿತು, ಆದರೆ ಮಿದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಟ್ಟಿತ್ತು; ಅದರ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿತ್ತು. ದೊಡ್ಡ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಏನೂ ಆಗಲಿಲ್ಲ. ಇವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬೆಕ್ಕಿನ ಮರಿಗಳ ಪಾಡನ್ನು ನೆನೆದರೆ ಕಸಿವಿಸಿಯಾಗುವುದು ನಿಜ. ಆದರೆ ಇಂದು ಕೂಸಿನ ಪೊರೆಯನ್ನು ಡಾಕ್ಟರು ಅವಸರದಿಂದ ತೆಗೆಯುವುದಕ್ಕೆ ಆಧಾರವೇ ಈ ತಿಳಿವು.

ಆದ್ದರಿಂದ ಒಂದೇ ಕಣ್ಣಿಗೆ ದಟ್ಟವಾದ ಹುಟ್ಟು ಪೊರೆ ಇದ್ದರೆ ಸುಮಾರು ಆರು ವಾರದೊಳಗೆ, ಎರಡೂ ಕಣ್ಣಿಗಿದ್ದರೆ ಎಂಟು ಹತ್ತು ವಾರದೊಳಗೆ ತೆಗೆಯುವುದು ಉತ್ತಮವೆಂದು ತಜ್ಞರ ಮತ. ಪೊರೆ ಸಣ್ಣದಾಗಿ ಬದಿಗೆ ಇದ್ದರೆ ತೆಗೆಯದೆ ನೋಡುತ್ತಿರುವುದೂ ಉಂಟು. ಅದನ್ನು ತೀರ್ಮಾನಿಸತಕ್ಕವರು ಡಾಕ್ಟರು, ನೆರೆಮನೆಯವರಲ್ಲ.

ಇಲ್ಲಿ ನಮ್ಮಂಥ ಹೊರನಾಡ ಸಂಸಾರಗಳಿಗೆ ಒಂದು ವಿಶೇಷವಾದ ತೊಡಕುಂಟು. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಮೂರು ತಿಂಗಳೋ ಐದು ತಿಂಗಳೋ ಆದ ಮೇಲೆ ಕೂಸಿನೊಡನೆ ಮುಂಬಯಿಗೋ ಪುಣೆಗೋ ಮರಳುತ್ತಾರೆ. ಬಾಣಂತಿಯ ಕೋಣೆಯಲ್ಲಿ ಬೆಳಕು ಕಡಿಮೆ. ಕೂಸು ಹೆಚ್ಚು ಹೊತ್ತು ಮಲಗಿರುತ್ತದೆ. ಯಾರಾದರೂ ಕಣ್ಣಲ್ಲಿ ಬಿಳುಪು ಕಂಡರೂ “ಅಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಹೋದ ಮೇಲೆ ತೋರಿಸಿದರಾಯಿತು” ಎನ್ನುತ್ತಾರೆ. ತಂದೆ ಇಲ್ಲಿ ರಜೆಯ ಲೆಕ್ಕ ಹಾಕುತ್ತಿರುತ್ತಾನೆ. ಹೀಗೆ, ಯಾರ ದುರುದ್ದೇಶವೂ ಇಲ್ಲದೆ, ಆ ಆರು ಎಂಟು ವಾರಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಈಗ ಲೇಸರ್‌ಗೆ ಬರೋಣ. ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಪೇಟೆಯಲ್ಲಿ “ಲೇಸರ್ ಆಪರೇಷನ್” ಎಂದು ಜನ ಕರೆಯುವುದರಲ್ಲಿ ಬಹುಪಾಲು ಲೇಸರೇ ಅಲ್ಲ. ಅದು ಧ್ವನಿಯ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರುವ ಕ್ರಮ. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಇದನ್ನು 1967ರಲ್ಲಿ ಹೊರತಂದರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕುಳಿತು, ಹಲ್ಲು ಕೆರೆಯುವ ಕಂಪನದ ಉಪಕರಣವನ್ನು ಕಂಡಾಗ ಅವರಿಗೆ ಇದು ಹೊಳೆಯಿತಂತೆ. ಎಳೆಯ ಮಕ್ಕಳಿಗೆ ಅಷ್ಟೂ ಬೇಕಾಗುವುದಿಲ್ಲ. ಮುದುಕರ ಮಸೂರ ಕೊಬ್ಬರಿಯಂತಿದ್ದರೆ ಕೂಸಿನದು ಎಳನೀರಿನ ಗಂಜಿಯಂತೆ. ಸಣ್ಣ ತೂತಿನಿಂದ ಹೀರಿದರೆ ಬಂದುಬಿಡುತ್ತದೆ.

ಹಾಗಾದರೆ ಕಷ್ಟವೆಲ್ಲಿ? ಆ ತೆಳುಚೀಲದಲ್ಲಿ. ಮಸೂರವನ್ನು ತೆಗೆಯುವುದಕ್ಕೆ ಚೀಲದ ಮುಂಭಾಗದಲ್ಲಿ ದುಂಡಾದ ಬಾಯಿ ಮಾಡಬೇಕು. ದೊಡ್ಡವರ ಚೀಲ ತೆಳುಗಾಗದದಂತೆ ಕೈ ಹೇಳಿದ ಹಾಗೆ ಹರಿಯುತ್ತದೆ. ಮಗುವಿನದು ರಬ್ಬರಿನಂತೆ ಜಗ್ಗುತ್ತದೆ; ಚೂರು ಎಳೆದರೆ ಹರಿತ ಅಂಚಿನತ್ತ ಓಡಿಹೋಗುತ್ತದೆ. ಇಷ್ಟೇ ಅಲ್ಲ. ಹಿಂಭಾಗದ ಚೀಲವನ್ನು ಹಾಗೆಯೇ ಬಿಟ್ಟರೆ ಎಳೆಯ ಮಕ್ಕಳಲ್ಲಿ ಅದು ಕೆಲವೇ ಕಾಲದಲ್ಲಿ ಮತ್ತೆ ಮಬ್ಬಾಗುವುದು ಬಹುಮಟ್ಟಿಗೆ ನಿಶ್ಚಯ. ಆದ್ದರಿಂದ ಅಲ್ಲಿಯೂ ಒಂದು ದುಂಡು ಕಿಂಡಿ ಮಾಡಿ, ಅದರ ಹಿಂದಿನ ಲೋಳೆಯನ್ನು ಸ್ವಲ್ಪ ತೆಗೆಯುತ್ತಾರೆ. ಹುಟ್ಟಿದ ಮಗುವಿನ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರು, ಬೆಳೆದವರದು 23, 24. ಅಂಥ ಪುಟ್ಟ ಗುಡ್ಡೆಯೊಳಗೆ ಈ ಕಸೂತಿ ನಡೆಯಬೇಕು.

ಇಲ್ಲಿಯೇ ಲೇಸರಿನ ಪ್ರವೇಶ. ಕಣ್ಣಿನ ವಿಷಯದಲ್ಲಿ ಎರಡು ಲೇಸರುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಒಂದು ಯಾಗ್ ಲೇಸರ್. ಸುಮಾರು 1980ರಿಂದ ಪ್ಯಾರಿಸಿನಲ್ಲಿಯೂ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿಯೂ ಬಳಕೆಗೆ ಬಂದು ಲೋಕಕ್ಕೆಲ್ಲ ಹರಡಿದ್ದು. ಶಸ್ತ್ರಕ್ರಿಯೆಯಾದ ಮೇಲೆ ಹಿಂಚೀಲ ಮಬ್ಬಾದರೆ ಈ ಕಿರಣದಿಂದ ಹೊರಗಿನಿಂದಲೇ ಕಿಂಡಿ ತೆರೆಯುತ್ತಾರೆ. ಕೆಲವು ನಿಮಿಷಗಳ ಕೆಲಸ. ಆದರೆ ಗಲ್ಲವನ್ನು ಯಂತ್ರಕ್ಕೆ ಆನಿಸಿ ಅಲುಗದೆ ಕೂಡಬಲ್ಲ ದೊಡ್ಡ ಮಕ್ಕಳಿಗೆ ಮಾತ್ರ ಇದು ಸುಲಭ. ಎರಡು ವರ್ಷದ ತುಂಟನನ್ನು ಹಾಗೆ ಕೂಡಿಸುವುದು ಬ್ರಹ್ಮನಿಂದಲೂ ಆಗದು.

ಇನ್ನೊಂದು ಫೆಮ್ಟೋಸೆಕೆಂಡ್ ಲೇಸರ್. ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲೇ ಫೆಮ್ಟೋಸೆಕೆಂಡು. ಕಚೇರಿಯ ಬಿಡುವಿನಲ್ಲಿ ಲೆಕ್ಕ ಹಾಕಿದೆವು: ಈ ಪಾಲಿಗೆ ಒಂದು ಸೆಕೆಂಡು ಎಷ್ಟು ದೊಡ್ಡದೋ, ಒಂದು ಸೆಕೆಂಡಿಗೆ ಮೂರು ಕೋಟಿ ಹದಿನೇಳು ಲಕ್ಷ ವರ್ಷ ಅಷ್ಟು ದೊಡ್ಡದು! ಇಷ್ಟು ಚುಟುಕಾದ ಬೆಳಕಿನ ಮಿಡಿತ ಬಿದ್ದಲ್ಲಿ ಮಾತ್ರ ಕತ್ತರಿಸುತ್ತದೆ; ಸುತ್ತಮುತ್ತ ಸುಡುವಷ್ಟು ಹೊತ್ತು ಅದು ಇರುವುದೇ ಇಲ್ಲ. ಇಂಥ ಪ್ರಬಲವಾದ ಮಿಡಿತಗಳನ್ನು ಮಾಡುವ ಉಪಾಯವನ್ನು ಜೆರಾರ್ಡ್ ಮೂರೂ ಮತ್ತು ಅವರ ಶಿಷ್ಯೆ ಡೋನಾ ಸ್ಟ್ರಿಕ್‌ಲ್ಯಾಂಡ್ 1985ರಲ್ಲಿ ಪ್ರಕಟಿಸಿದರು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಕಣ್ಣಿಗೂ ಇದಕ್ಕೂ ಗಂಟು ಬಿದ್ದದ್ದು ಒಂದು ಅಪಘಾತದಿಂದ. 1990ರ ದಶಕದ ಆರಂಭದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಈ ಕಿರಣ ತಗಲಿತು. ಪರೀಕ್ಷಿಸಿದ ಯುವಕ ಡಾಕ್ಟರು ರಾನ್ ಕುರ್ಟ್ಜ್ ಬೆರಗಾದರು: ಗಾಯ ಇದ್ದಿತು, ಆದರೆ ಸೂಜಿಮೊನೆಯಿಂದ ಚುಚ್ಚಿದಷ್ಟು ಅಚ್ಚುಕಟ್ಟು. ಇದೇನು ಲೇಸರ್ ಎಂದು ಕೇಳಿಕೊಂಡು ಅವರು ಆ ಪ್ರಯೋಗಶಾಲೆಗೇ ಹೋದರು. ಅಲ್ಲಿಂದ ಕಣ್ಣಿನ ಹೊಸ ಶಸ್ತ್ರವೊಂದು ಹುಟ್ಟಿತು.

ಪೊರೆಯ ಶಸ್ತ್ರಕ್ರಿಯೆಗೆ ಇದನ್ನು ಮೊದಲು ಬಳಸಿದವರು ಹಂಗೆರಿಯ ಬುಡಾಪೆಸ್ಟಿನ ಜೋಲ್ಟಾನ್ ನಾಗಿ, 2008ರಲ್ಲಿ. ಅದು ದೊಡ್ಡವರ ಮೇಲೆ. ಜರ್ಮನಿಯ ಬೋಖುಮ್ ನಗರದ ಬುರ್ಕ್‌ಹಾರ್ಡ್ ಡಿಕ್ ಮತ್ತು ಅವರ ಸಂಗಡಿಗ ಟಿಮ್ ಶುಲ್ಟ್ಸ್ ಎಳೆಯ ಮಕ್ಕಳಿಗೆ ಇದನ್ನು ಬಳಸಿ 2013ರಲ್ಲಿ ವರದಿ ಮಾಡಿದರು. ಮುಂಚೀಲದ ಬಾಯಿಯನ್ನೂ ಹಿಂಚೀಲದ ಕಿಂಡಿಯನ್ನೂ ಯಂತ್ರವೇ ದುಂಡಗೆ ಕತ್ತರಿಸಿಕೊಟ್ಟಿತು. ಆದರೆ ಒಂದು ವಿಚಿತ್ರ ಕಂಡಿತು. ಯಂತ್ರಕ್ಕೆ ಹೇಳಿದ ಅಳತೆಗಿಂತ ಕಿಂಡಿ ದೊಡ್ಡದಾಗುತ್ತಿತ್ತು. ಕತ್ತರಿಸಿದ್ದು ಸರಿಯಾಗಿಯೇ ಇದ್ದರೂ, ಜಗ್ಗುವ ಚೀಲ ಕತ್ತರಿಸಿದೊಡನೆ ಹಿಂದಕ್ಕೆ ಸರಿದುಕೊಳ್ಳುತ್ತಿತ್ತು. ಮಗು ಎಳೆಯದಾದಷ್ಟೂ ಹೆಚ್ಚು. ಕಡೆಗೆ ವಯಸ್ಸಿಗೆ ತಕ್ಕಂತೆ ಎಷ್ಟು ಚಿಕ್ಕದಾಗಿ ಕತ್ತರಿಸಬೇಕೆಂಬ ಒಂದು ಸೂತ್ರವನ್ನೇ ಮಾಡಿ 2015ರಲ್ಲಿ ಪ್ರಕಟಿಸಿದರು. ಬೋಖುಮ್ ಸೂತ್ರವೆಂದೇ ಅದಕ್ಕೆ ಹೆಸರು. ಹಿಗ್ಗುವ ಬಟ್ಟೆಯನ್ನು ಅಳತೆಗಿಂತ ಕಡಿಮೆ ಕತ್ತರಿಸುವ ದರ್ಜಿಗೆ ಇದು ಹೊಸತಲ್ಲ.

ಇಷ್ಟು ಕೇಳಿದ ಮೇಲೆ ಇದೇ ಸರಿ ಎನ್ನಿಸುವುದು ಸಹಜ. ಆದರೂ ನಾಲ್ಕು ಮಾತು ತಿಳಿದಿರಬೇಕು. ಲೇಸರ್ ಮಾಡುವುದು ಕತ್ತರಿಸುವ ಕೆಲಸವನ್ನು ಮಾತ್ರ. ಆ ಮೇಲೆ ಕಣ್ಣು ತೆರೆದು ಮಸೂರವನ್ನು ಹೀರುವುದು, ಲೋಳೆ ತೆಗೆಯುವುದು, ಹೊಲಿಗೆ ಹಾಕುವುದು ಎಲ್ಲವೂ ಡಾಕ್ಟರ ಕೈಯಿಂದಲೇ. “ಚಾಕು ಮುಟ್ಟಿಸುವುದೇ ಇಲ್ಲ” ಎಂಬುದು ಸುಳ್ಳು. ಯಂತ್ರದ ಬಟ್ಟಲು ದೊಡ್ಡವರ ಕಣ್ಣಿನ ಅಳತೆಗೆ ಆಗಿರುವುದು. ಕೂಸಿನ ಕಿರಿದಾದ ರೆಪ್ಪೆಗಳ ನಡುವೆ ಕೂಡಿಸುವುದು ಕಷ್ಟ. ಮಗುವಿಗೆ ಅರಿವಳಿಕೆ ಕೊಟ್ಟೇ ಇದೆಲ್ಲ ಆಗಬೇಕು. ಯಂತ್ರ ಬೇರೆ ಕೋಣೆಯಲ್ಲಿದ್ದರೆ ಮೈಮರೆತ ಕೂಸನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ತೊಂದರೆ ಬೇರೆ. ಬೆಲೆಯಂತೂ ಹೇಳಬೇಕಾದ್ದಿಲ್ಲ. ದೊಡ್ಡವರಲ್ಲಿಯೇ ಈ ಕ್ರಮವನ್ನು ಮಾಮೂಲು ಕ್ರಮದೊಡನೆ ಹೋಲಿಸಿ ಫ್ರಾನ್ಸಿನಲ್ಲಿ ನಡೆಸಿದ ದೊಡ್ಡ ಪರೀಕ್ಷೆಯ ಫಲ 2020ರಲ್ಲಿ ಪ್ರಕಟವಾಯಿತು: ಫಲಿತಾಂಶ ಮೇಲಲ್ಲ, ಖರ್ಚು ಮಾತ್ರ ಹೆಚ್ಚು. ಮಕ್ಕಳ ಕಣ್ಣಿನಲ್ಲಿ ನುರಿತ ಡಾಕ್ಟರು ಕೈಯಿಂದಲೇ ಆ ಕಿಂಡಿಗಳನ್ನು ಮಾಡುತ್ತಾರೆ. ಹೆಚ್ಚಿನ ಮಕ್ಕಳಿಗೆ ನೋಟ ಬಂದಿರುವುದು ಹಾಗೆಯೇ. ಲೇಸರ್ ಒಂದು ಒಳ್ಳೆಯ ಕತ್ತರಿ, ಸಂದೇಹವಿಲ್ಲ. ಆದರೆ ಆ ಕತ್ತರಿಗಾಗಿ ಒಂದು ತಿಂಗಳು ಕಾಯಬೇಕಾಗಿ ಬಂದರೆ ನಮ್ಮ ಮತದಲ್ಲಿ ಅದು ಬಹಳ ದುಬಾರಿಯ ವ್ಯಾಪಾರ.

ಮಸೂರ ತೆಗೆದ ಮೇಲೆ ಅದರ ಜಾಗಕ್ಕೆ ಏನಾದರೂ ಬೇಕಲ್ಲ? ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರ ನವೆಂಬರಿನಲ್ಲಿ ಕಣ್ಣೊಳಗೆ ಕೃತಕ ಮಸೂರವನ್ನು ಮೊದಲು ಇಟ್ಟರು. ಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಕಿಟಕಿಯ ಚೂರುಗಳು ಚಾಲಕರ ಕಣ್ಣೊಳಗೆ ಹೊಕ್ಕು ಕೆಡುಕು ಮಾಡದೆ ಉಳಿದದ್ದನ್ನು ಅವರು ಕಂಡಿದ್ದರು. ದೊಡ್ಡ ಮಕ್ಕಳಿಗೆ ಈಗ ಅದನ್ನು ಇಡುತ್ತಾರೆ. ಕೂಸುಗಳ ಮಾತು ಬೇರೆ. ಕಣ್ಣು ಬೆಳೆಯುತ್ತ ಹೋದಂತೆ ಇಂದು ಸರಿಯಾದ ಮಸೂರ ನಾಳೆ ತಪ್ಪುತ್ತದೆ. ಅಮೆರಿಕದಲ್ಲಿ ಒಂದೇ ಕಣ್ಣಿಗೆ ಪೊರೆಯಿದ್ದ 114 ಕೂಸುಗಳಲ್ಲಿ ಕೆಲವಕ್ಕೆ ಕೃತಕ ಮಸೂರವನ್ನೂ ಉಳಿದವಕ್ಕೆ ಹೊರಗಿನಿಂದ ಹಾಕುವ ಕಾಂಟ್ಯಾಕ್ಟ್ ಲೆನ್ಸನ್ನೂ ಕೊಟ್ಟು ಐದು ವರ್ಷದ ವಯಸ್ಸಿನವರೆಗೆ ನೋಡಿದರು. ನೋಟದಲ್ಲಿ ವ್ಯತ್ಯಾಸ ಕಾಣಲಿಲ್ಲ; ಮಸೂರ ಇಟ್ಟ ಮಕ್ಕಳಿಗೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾತ್ರ ಹೆಚ್ಚು ಬೇಕಾಯಿತು. 2014ರಲ್ಲಿ ಬಂದ ವರದಿ ಇದು. ಏಳು ತಿಂಗಳೊಳಗಿನ ಕೂಸಿಗೆ ಮಸೂರವಿಡದೆ ಬಿಡುವುದೇ ಸಾಮಾನ್ಯವಾಗಿ ಮೇಲೆಂದು ಅವರು ಹೇಳಿದರು.

ಮತ್ತು ಪಟ್ಟಿ! ಒಂದೇ ಕಣ್ಣಿಗೆ ಪೊರೆಯಿದ್ದ ಮಗುವಿನ ಒಳ್ಳೆಯ ಕಣ್ಣನ್ನು ದಿನಕ್ಕೆ ಇಷ್ಟು ಗಂಟೆ ಎಂದು ಮುಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಕಲಿಸಬೇಕು. ಇದು ದಿನಗಳ ಮಾತಲ್ಲ, ವರ್ಷಗಳ ಮಾತು. ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರ ಮಗುವಿಗೆ ಹೀಗೆ ಆಗಿದ್ದಿತು. ಶಸ್ತ್ರಕ್ರಿಯೆ ನಡೆದದ್ದು ಒಂದು ಬೆಳಿಗ್ಗೆ. ಪಟ್ಟಿಯ ಜಗಳ ನಡೆದದ್ದು ನಾಲ್ಕು ವರ್ಷ. ಮಗು ಕಿತ್ತೆಸೆಯುವುದು, ತಾಯಿ ಅಂಟಿಸುವುದು. ಊರಿನಿಂದ ಬಂದ ಅಜ್ಜಿಗೆ ಮೊಮ್ಮಗಳು ಚೆನ್ನಾಗಿ ಕಾಣುವ ಕಣ್ಣನ್ನೇ ಮುಚ್ಚುವುದು ಕ್ರೂರವೆನ್ನಿಸಿ, ಮಗ ಸೊಸೆ ಕಚೇರಿಗೆ ಹೋದೊಡನೆ ಪಟ್ಟಿ ಬಿಚ್ಚಿಬಿಡುತ್ತಿದ್ದರಂತೆ. ಒಂದು ದಿನ ಡಾಕ್ಟರೇ ಅಜ್ಜಿಯನ್ನು ಕರೆಸಿ, ಅವರ ಒಂದು ಕಣ್ಣು ಮುಚ್ಚಿ, ಇನ್ನೊಂದರ ಮುಂದೆ ಮಸುಕು ಗಾಜು ಹಿಡಿದು, ಮಗುವಿಗೆ ಮುಂದೆ ಉಳಿಯುವ ನೋಟ ಇಷ್ಟೇ ಎಂದು ತೋರಿಸಿದರು. ಅಂದಿನಿಂದ ಪಟ್ಟಿಯ ಕಾವಲು ಅಜ್ಜಿಯದೇ ಆಯಿತು. ಪಟ್ಟಿಯ ಮೇಲೆ ದಿನಕ್ಕೊಂದು ಚಿತ್ರ, ಒಂದು ದಿನ ಗಿಳಿ, ಒಂದು ದಿನ ಆನೆ. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಆ ಕಣ್ಣಿನ ನೋಟ ಮತ್ತೊಂದರಷ್ಟಿಲ್ಲ. ಆದರೆ ಅದರಿಂದಲೇ ದಪ್ಪಕ್ಷರ ಓದಬಲ್ಲಳು.

ತಡವಾದವರ ಗತಿ ಏನು? ಕೈಬಿಡಬೇಕಾದ್ದಿಲ್ಲ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಪವನ್ ಸಿನ್ಹಾ ದಿಲ್ಲಿಯ ಡಾಕ್ಟರ್ ಶ್ರಾಫ್ ಕಣ್ಣಾಸ್ಪತ್ರೆಯೊಡನೆ ಸೇರಿ, ಹುಟ್ಟುಗುರುಡರೆಂದು ಹಳ್ಳಿಗಳಲ್ಲಿ ಉಳಿದುಹೋದ ಮಕ್ಕಳಿಗೆ ಚಿಕಿತ್ಸೆ ಕೊಡಿಸುವ ಪ್ರಕಾಶ್ ಎಂಬ ಯೋಜನೆ ನಡೆಸಿದ್ದಾರೆ. ಎಂಟರಿಂದ ಹದಿನೇಳು ವರ್ಷದ ಐವರು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿ ಓದತಕ್ಕದ್ದು. ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು, ಹೊಸದಾಗಿ ನೋಟ ಬಂದ ಆ ಮಕ್ಕಳು ಕಣ್ಣಿಂದ ಗುರುತಿಸಲಾರದೆ ಹೋದರು. ಕೆಲವೇ ದಿನ ಕಳೆದ ಮೇಲೆ ಪರೀಕ್ಷಿಸಿದಾಗ ಗುರುತಿಸತೊಡಗಿದ್ದರು. ಬೇಗ ತೆಗೆಸಿದ್ದರೆ ಬರುತ್ತಿದ್ದಷ್ಟು ಸ್ಪಷ್ಟತೆ ಇಂಥವರಿಗೆ ಬರುವುದಿಲ್ಲ. ಆದರೂ ಕೋಲಿಲ್ಲದೆ ನಡೆಯುವಷ್ಟು ನೋಟ ಸಣ್ಣದಲ್ಲ.

ಮನೆಯಲ್ಲಿ ನೋಡಬಹುದಾದ ಗುರುತುಗಳು ಕೆಲವುಂಟು. ಕರಿಗುಡ್ಡೆಯ ನಡುವೆ ಬಿಳುಪು ಅಥವಾ ಬೂದು ಛಾಯೆ, ಎರಡು ಮೂರು ತಿಂಗಳಾದರೂ ತಾಯಿಯ ಮುಖ ಹಿಂಬಾಲಿಸದಿರುವುದು, ಕಣ್ಣು ಸದಾ ಅತ್ತಿತ್ತ ಓಲಾಡುವುದು, ಮೆಳ್ಳಗಣ್ಣು. ನಾಮಕರಣದ ಫೋಟೋಗಳನ್ನು ಒಮ್ಮೆ ದಿಟ್ಟಿಸಿ ನೋಡಿರಿ: ಫ್ಲಾಷ್ ಬೆಳಕಿಗೆ ಒಂದು ಕಣ್ಣು ಕೆಂಪಾಗಿಯೂ ಇನ್ನೊಂದು ಬೆಳ್ಳಗೂ ಕಂಡರೆ ಮರುದಿನವೇ ಡಾಕ್ಟರ ಬಳಿಗೆ ಒಯ್ಯತಕ್ಕದ್ದು, ಏಕೆಂದರೆ ಪೊರೆಗಿಂತಲೂ ಕೆಟ್ಟದಾದ ಗಂತಿಯ ಗುರುತೂ ಅದೇ. ಹೆರಿಗೆಯ ಆಸ್ಪತ್ರೆಯಿಂದ ಬಿಡುವ ಮುನ್ನ ಕೂಸಿನ ಕಣ್ಣಿಗೆ ದೀಪ ಹಿಡಿದು ನೋಡಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅದು ಒಂದು ನಿಮಿಷದ ಪರೀಕ್ಷೆ. ಹಣದ ಚಿಂತೆಯವರಿಗೆ, ಕೇಂದ್ರ ಸರಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಪೊರೆಯೂ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಆ ಹೆಸರು ಹೇಳಿ ವಿಚಾರಿಸಬಹುದು.

ಕಡೆಗೆ ಗುಮಾಸ್ತರ ಬುದ್ಧಿಯ ಒಂದು ಮಾತು. ಇಂಥ ಮಗುವಿಗೆ ಮುಂದೆ ಗ್ಲಾಕೋಮಾ ಎಂಬ ಕಣ್ಣೊತ್ತಡದ ರೋಗ ಬರುವ ಸಂಭವವಿರುವುದರಿಂದ ಜೀವನವಿಡೀ ತಪಾಸಣೆ ಬೇಕು. ನಮಗೋ ವರ್ಗಾವಣೆಗಳು, ಇಂದು ಹೈದರಾಬಾದು, ನಾಳೆ ದಿಲ್ಲಿ. ಆದ್ದರಿಂದ ಮಗುವಿನ ಹೆಸರಿನಲ್ಲಿ ಒಂದು ಕಡತ ತೆರೆಯಿರಿ. ಶಸ್ತ್ರಕ್ರಿಯೆಯ ತಾರೀಖು, ಯಾವ ಕಣ್ಣು, ಮಸೂರ ಇಟ್ಟಿದ್ದರೆ ಅದರ ಶಕ್ತಿ ಎಷ್ಟು, ಪ್ರತಿ ಸಲದ ಕಣ್ಣೊತ್ತಡದ ಅಂಕಿ, ಕನ್ನಡಕದ ನಂಬರು, ಪಟ್ಟಿ ಕಟ್ಟಿದ ಗಂಟೆಗಳು, ಎಲ್ಲ ಕಾಗದಗಳೂ ತಾರೀಖಿನ ಸಾಲಿನಲ್ಲಿ ಅದರಲ್ಲಿರಲಿ. ಊರು ಬದಲಾದಾಗ ಅದನ್ನು ಸಾಮಾನಿನ ಲಾರಿಗೆ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ.